ಗಾರ್ನೆಟ್ ಚೆನ್ನಾಗಿದ್ದಾನಂತೆ

ಗುಡ್ಡದ ಕೊನೆಯ ತಿರುವು ದಾಟಿ ಮಾರ್ಗೋ ಕೊಲ್ಲಿ ಕಣ್ಣಿಗೆ ಬಿದ್ದೊಡನೆ ಡೆನ್ಜಿಲ್ ಡ್ರೈವರನ ಹೆಗಲು ತಟ್ಟಿ ಕಾರು ನಿಲ್ಲಿಸಿದ. ಬಾಗಿಲು ತೆಗೆದು ರಸ್ತೆಯಂಚಿಗೆ ಓಡಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡೇ ಯೂಲಾ! ಒಂದು ಕೂದಲಷ್ಟೂ ಬದಲಾಗಿಲ್ಲ."

ಯೂಲಾ ಕಾರಿನಿಂದಿಳಿದು ನೋಡಿದಳು. ಅವಳ ಕಣ್ಣು ನೀರಿನ ಮೇಲಿರಲಿಲ್ಲ. ಕೊಲ್ಲಿಯ ಪಡುವಣ ತುದಿಯಲ್ಲಿ ದೋಣಿಗಳನ್ನು ಎಳೆದಿಟ್ಟಿದ್ದ ಕಡೆ ಏಳೆಂಟು ಮಂದಿ ಓಡಾಡುತ್ತಿದ್ದರು. ಅವಳು ಅವರ ಕಾಲುಗಳನ್ನೇ ಎಣಿಸುವವಳಂತೆ ನೋಡಿದಳು. ಒಂಟಿ ಕಾಲಿನವರು ಯಾರೂ ಕಾಣಲಿಲ್ಲ. ಹಿಡಿದಿಟ್ಟಿದ್ದ ಉಸಿರನ್ನು ಮೆಲ್ಲಗೆ ಬಿಟ್ಟಳು.

ಮದುವೆಯಾದ ವಾರಕ್ಕೇ ಗಂಡಹೆಂಡಿರು ಟ್ರಿನಿಡಾಡ್‌ನಿಂದ ಹಡಗು ಹತ್ತಿ ಮೊದಲ ಸಲ ಇಲ್ಲಿಗೆ ಬಂದಿದ್ದರು. ಆಮೇಲೆ ಇಪ್ಪತ್ತು ವರ್ಷ ಒಂದು ಜುಲೈಯನ್ನೂ ತಪ್ಪಿಸಿರಲಿಲ್ಲ. ಸ್ಯಾನ್ ಫರ್ನಾಂಡೊದ ಮನೆಯಲ್ಲಿ ಡೆನ್ಜಿಲ್ ತನ್ನ ಬಾಡಿಗೆ ವ್ಯಾನಿಗೆ ಟಾರ್ಪಾಲು ಹೊದಿಸುತ್ತಿದ್ದ, ಯೂಲಾ ಶಾಲೆಯ ಸಮವಸ್ತ್ರ ಹೊಲಿಯುವ ಮಿಷನ್ನಿಗೆ ಮುಸುಕು ಹಾಕುತ್ತಿದ್ದಳು. ಟೊಬೇಗೊಗೆ ಬಂದು ಹತ್ತು ದಿನ ಉಪ್ಪು ನೀರಲ್ಲೇ ಬಿದ್ದುಕೊಂಡು, ಮೈ ಕಪ್ಪಾಗಿ, ಮನಸ್ಸು ಹಗುರಾಗಿ ಹಿಂದಿರುಗುತ್ತಿದ್ದರು. ಇಪ್ಪತ್ತೊಂದನೆಯ ಜುಲೈಯಲ್ಲಿ ಆ ಅವಘಡವಾಯಿತು. ಆಮೇಲೆ ಬಂದಿದ್ದು ಈಗಲೇ, ಐದು ವರ್ಷದ ಮೇಲೆ.

ಡೆನ್ಜಿಲ್‌ಗೆ ಒಂದು ಖಯಾಲಿಯಿತ್ತು. ಕೊಲ್ಲಿಯ ಬಾಯಲ್ಲಿರುವ ಹೆಜ್ಜಾರ್ಲೆ ಬಂಡೆಯವರೆಗೆ ಈಜಿಹೋಗಿ, ಅದರ ಮೇಲೆ ಹತ್ತಿ ಹೆಂಡತಿಗೆ ಕೈ ಬೀಸಿದ ಹೊರತು ಅವನಿಗೆ ರಜೆ ರಜೆ ಅನ್ನಿಸುತ್ತಿರಲಿಲ್ಲ. ಆ ದಿನ ದಡದಲ್ಲಿ ಕೆಂಪು ಬಾವುಟ ಕಟ್ಟಿದ್ದರು. "ಈ ನೀರು ನಂಗೆ ಮಾವನ ಮನೆ ಇದ್ದ ಹಾಗೆ" ಎಂದು ನಗುತ್ತಾ ಇಳಿದವನನ್ನು ನೀರಿನ ಸೆಳೆತ ಹೊರಗೆ ಎಳೆದೊಯ್ದಿತು. ದಡದಲ್ಲಿ ಬಲೆ ಹೆಣೆಯುತ್ತಿದ್ದ ಗಾರ್ನೆಟ್ ಎಂಬ ಬೆಸ್ತ ದೋಣಿ ನೂಕಿಕೊಂಡು ಹೋದ. ಮುಳುಗುತ್ತಿದ್ದವನನ್ನು ನೀರಿಗೆ ಧುಮುಕಿ ಹಿಡಿದ, ದೋಣಿಗೆ ಎತ್ತಿಹಾಕಿದ. ತಾನು ಹತ್ತುವಷ್ಟರಲ್ಲಿ ಅಲೆಯೊಂದು ದೋಣಿಯನ್ನು ತಂದು ಬಂಡೆಗೆ ಅಪ್ಪಳಿಸಿತು. ನಡುವೆ ಗಾರ್ನೆಟ್‌ನ ಕಾಲಿತ್ತು. ಬೇರೆ ಬೆಸ್ತರು ಇಬ್ಬರನ್ನೂ ದಡಕ್ಕೆ ತಂದು ಮರಳ ಮೇಲೆ ಮಲಗಿಸಿದಾಗ ಆ ಕಾಲನ್ನು ಯೂಲಾ ಕಣ್ಣಾರೆ ನೋಡಿದ್ದಳು. ಡೆನ್ಜಿಲ್‌ಗೆ ಎಚ್ಚರವಿರಲಿಲ್ಲ.

ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಕೇಳಿದ ಮೊದಲ ಮಾತು, "ಅವನು ಬದುಕಿದಾನಾ?"

"ಚೆನ್ನಾಗಿದ್ದಾನಂತೆ. ಮೊಣಕಾಲು ತರಚಿದೆ ಅಷ್ಟೆ."

ಎದೆ ಬಲವಾಗಲಿ, ಮನೆಗೆ ಹೋದ ಮೇಲೆ ನಿಜ ಹೇಳಿದರಾಯಿತು ಅಂದುಕೊಂಡಿದ್ದಳು. ಮನೆಗೆ ಬಂದವನು ಎಂಟು ತಿಂಗಳು ವ್ಯಾನಿನ ಚಕ್ರ ಮುಟ್ಟಲಿಲ್ಲ. ಸ್ನಾನದ ನೀರು ಮುಖಕ್ಕೆ ಬಿದ್ದರೆ ಬೆಚ್ಚುತ್ತಿದ್ದ. ಇಂಥವನ ಮುಂದೆ ಹೇಳುವುದು ಹೇಗೆ? ಅವನು ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಗಾರ್ನೆಟ್‌ನ ಅಕ್ಕ ವೆಲ್ಮಾಳಿಂದ ಕಾಗದ ಬಂತು. ಮೊಣಕಾಲಿನ ಕೆಳಗೆ ಕತ್ತರಿಸಿದರು, ತಮ್ಮ ನಿಮ್ಮೆಜಮಾನರನ್ನು ದಿನಾ ಕೇಳುತ್ತಾನೆ, ಒಂದು ಸಲ ಬಂದು ಮುಖ ತೋರಿಸಿ ಹೋಗಲಿ ಎಂದಷ್ಟೇ ಇತ್ತು. ಯೂಲಾ ಅದನ್ನು ಒಲೆಗೆ ಹಾಕಿದಳು. ಮರು ವರ್ಷ ಇನ್ನೊಂದು ಬಂತು, ಅದೂ ಒಲೆಗೆ ಹೋಯಿತು. ಆಮೇಲೊಂದು ಮಧ್ಯಾಹ್ನ ಫೋನು ಬಂದಾಗ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟಳು.

ಈ ವರ್ಷ ಡೆನ್ಜಿಲ್ ಅವಳಿಗೆ ತಿಳಿಸದೆ ಹಡಗಿನ ಟಿಕೆಟ್ಟು ತಂದ. "ಮದುವೆಯಾಗಿ ಇಪ್ಪತ್ತಾರು ತುಂಬ್ತಲ್ಲ. ಹೆದರಿಕೊಂಡು ಕೂತಿದ್ದು ಸಾಕು. ಅವನ ಕೈ ಕುಲುಕಿ, ಜೊತೇಲಿ ಒಂದು ಗ್ಲಾಸು ರಮ್ ಕುಡಿದು ಬರೋಣ." ಹಡಗಿನಲ್ಲಿ ಮೂರು ಸಲ ಯೂಲಾ ಬಾಯಿ ತೆರೆದಳು. ಮೂರು ಸಲವೂ ಬೇರೆ ಏನನ್ನೋ ಹೇಳಿದಳು.

ಅವರು ಯಾವಾಗಲೂ ಇಳಿದುಕೊಳ್ಳುತ್ತಿದ್ದುದು ಕೊಲ್ಲಿಯ ಮೂಡಣ ತುದಿಯಲ್ಲಿ, ಮುದುಕ ಪಾಸ್ಕಲ್‌ನ ಎರಡು ಕೋಣೆಯ ಮನೆಯಲ್ಲಿ. ಮರುದಿನ ಬೆಳಿಗ್ಗೆ ಅವನೇ ಕಾಫಿ ತಂದು, ಜಗಲಿಯ ಮೇಲೆ ಕಾಲು ಚಾಚಿ ಕೂತ.

"ಐದು ವರ್ಷ ಎಲ್ಲಿ ಹಾಳಾಗಿ ಹೋಗಿದ್ರಿ? ನನ್ನ ಹೆಣಕ್ಕೆ ಬರ್ತೀರೇನೋ ಅಂದ್ಕೊಂಡಿದ್ದೆ."

"ನಿನ್ನ ಹೆಣ ಎಲ್ಲಿ ಬೀಳುತ್ತೋ ಮಾರಾಯ, ನಮ್ಮನ್ನೆಲ್ಲ ಕಳಿಸಿಯೇ ಹೋಗೋನು ನೀನು" ಎಂದು ನಕ್ಕ ಡೆನ್ಜಿಲ್. "ಅದಿರ್ಲಿ, ಗಾರ್ನೆಟ್ ಎಲ್ಲಿ ಸಿಗ್ತಾನೆ?"

"ಗಾರ್ನೆಟ್ಟಾ? ಪಾಪ, ಅವನು ಈಗ—"

ಯೂಲಾಳ ಕೈಯಿಂದ ಕಾಫಿಯ ಬಟ್ಟಲು ಜಾರಿತು. ಜಾರಿತೋ ಜಾರಿಸಿದಳೋ ಅವಳಿಗೇ ಗೊತ್ತಾಗಲಿಲ್ಲ. ಬಿಸಿ ಕಾಫಿ ಡೆನ್ಜಿಲ್‌ನ ತೊಡೆಯ ಮೇಲೆ ಚೆಲ್ಲಿ ಅವನು ಹಾರಿಬಿದ್ದು ಒಳಗೆ ಓಡಿದ.

ಅವನು ಬಟ್ಟೆ ಬದಲಿಸುವಷ್ಟರಲ್ಲಿ ಅವಳು ಪಾಸ್ಕಲ್‌ನ ತೋಳು ಹಿಡಿದಳು. "ಪಾಸ್ಕಲ್, ನಿನ್ನ ಕಾಲಿಗೆ ಬೀಳ್ತೀನಿ. ಅವರಿಗೆ ಗೊತ್ತಿಲ್ಲ. ಕಾಲಿನ ವಿಷಯ ಗೊತ್ತಿಲ್ಲ."

ಮುದುಕ ಅವಳನ್ನು ದಿಟ್ಟಿಸಿ ನೋಡಿದ. "ಐದು ವರ್ಷದಿಂದ?"

"ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ, ಅಷ್ಟೆ."

"ನೋಡಮ್ಮಾ, ನಂಗೆ ಎಂಬತ್ತಾಯ್ತು. ಸುಳ್ಳು ನೆನಪಿಟ್ಕೊಳ್ಳೋ ಶಕ್ತಿ ನಂಗಿಲ್ಲ. ಬೇಗ ಹೇಳ್ಬಿಡು." ಬಟ್ಟಲಿನ ಚೂರುಗಳನ್ನು ತಾನೇ ಆರಿಸಿಕೊಂಡು ಅವನು ಹೊರಟುಹೋದ. ಆಮೇಲೆ ಜಗಲಿಗೆ ಬರಲೇ ಇಲ್ಲ.

ಆ ದಿನ ತಲೆನೋವೆಂದು ಅವಳು ಗಂಡನನ್ನು ಮನೆಯ ಮುಂದಿನ ಮರಳಲ್ಲೇ ಹಿಡಿದಿಟ್ಟಳು. ಬೆಸ್ತರು ಈ ಹೊತ್ತಿನಲ್ಲಿ ಕಡಲಿಗೆ ಹೋಗಿರುತ್ತಾರೆ ಎಂದಳು. ಅವನು ನಿದ್ದೆಹೋದ ಮೇಲೆ, ತಿನ್ನಲು ಏನಾದರೂ ತರುವ ನೆಪದಲ್ಲಿ ಪಡುವಣ ತುದಿಯ ಕಡೆ ನಡೆದಳು. ಗಾರ್ನೆಟ್‌ನನ್ನು ತಾನೇ ಮೊದಲು ಕಂಡು, ಅವನ ಕೈಕಾಲು ಹಿಡಿದು... ಹಿಡಿದು ಏನನ್ನು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ತೆಂಗಿನ ಮರಗಳ ಕೆಳಗೆ ತಗಡಿನ ಮಾಡಿನ ಒಂದು ಅಂಗಡಿ. ದಪ್ಪ ಹೆಂಗಸೊಬ್ಬಳು ಎಣ್ಣೆಯಲ್ಲಿ ಬೇಕ್ ರೊಟ್ಟಿಗಳನ್ನು ಕರಿಯುತ್ತಿದ್ದಳು. ಯೂಲಾ ಎರಡು ರೊಟ್ಟಿ, ಎರಡು ತುಂಡು ಮೀನು ಕೇಳಿದಳು.

ಹೆಂಗಸಿನ ಕೈ ಬಾಣಲೆಯ ಮೇಲೆಯೇ ನಿಂತಿತು.

"ಇನ್ನೊಂದ್ಸಲ ಹೇಳು."

"ಎರಡು ಬೇಕ್, ಎರಡು—"

"'ರಾಂಗ್ ನಂಬರ್' ಅನ್ನು, ಕೇಳೋಣ."

ಹೆಂಗಸು ಸೌಟನ್ನು ಕೆಳಗಿಟ್ಟು, ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡಳು.

"ಆ ದನಿ ಮರೀತೀನೇನೇ ನಾನು? ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಕಾಯ್ತಿದ್ದೆ. ನಾನು ವೆಲ್ಮಾ. ಎರಡು ಕಾಗದ ಬರೆದೋಳು. ಅಕ್ಷರ ಬಾರದ ಕೈಲಿ, ಬಾಜುಮನೆ ಮೇಷ್ಟ್ರ ಹತ್ರ ತಿದ್ದಿಸಿ ಬರೆದಿದ್ದು. ಎಲ್ಲಿ ಹಾಕ್ದೆ ಅವನ್ನ?"

"ಅವರು ಹುಷಾರಿರ್ಲಿಲ್ಲ, ಅಕ್ಕ. ತಡ್ಕೊಳ್ತಿರ್ಲಿಲ್ಲ."

"ತಡ್ಕೊಳ್ಳೋಕೆ ಅವನ ಕಾಲು ಹೋಗಿತ್ತಾ? ನನ್ನ ತಮ್ಮ ತಡ್ಕೊಂಡ. ನಾವೇನು ನಿಮ್ಮನ್ನ ಅಕ್ಕಿ ಕೇಳಿದ್ವಾ, ಬೇಳೆ ಕೇಳಿದ್ವಾ? ಒಂದ್ಸಲ ಬಂದು ಹೋಗಲಿ ಅಂದ್ವಿ. ಎರಡು ವರ್ಷ ಬಸ್ಸು ಬಂದಾಗೆಲ್ಲ ತಲೆ ಎತ್ತಿ ನೋಡ್ತಿದ್ದ ಅವನು. ಆಮೇಲೆ ನೋಡೋದು ಬಿಟ್ಟ. ಅದು ನೋಡೋದಕ್ಕಿಂತ ಕಷ್ಟವಾಗಿತ್ತು ನಂಗೆ."

ಕಾವೇರಿದ ಎಣ್ಣೆಯಲ್ಲಿ ರೊಟ್ಟಿ ಸೀದು ಹೊಗೆ ಬರತೊಡಗಿತು. ವೆಲ್ಮಾ ಅದರತ್ತ ನೋಡಲಿಲ್ಲ.

"ನಾಳೆ ಮಧ್ಯಾಹ್ನ ಬಲೆ ಎಳೀತಾರೆ. ಊರೋರೆಲ್ಲ ಇರ್ತಾರೆ, ಗಾರ್ನೆಟ್ಟೂ ಇರ್ತಾನೆ. ಅಷ್ಟರೊಳಗೆ ನಿನ್ನ ಗಂಡಂಗೆ ನೀನೇ ಹೇಳು. ಇಲ್ಲ, ನಾನು ಬಂದು ಹೇಳ್ತೀನಿ. ನಾನು ಹೇಳಿದ್ರೆ ಸಣ್ಣ ದನೀಲಿ ಹೇಳೋದಿಲ್ಲ."

ಯೂಲಾ ಬರಿಗೈಯಲ್ಲಿ ಹಿಂದಿರುಗಿದಳು. ಮನೆಯ ಮುಂದೆ ಮರಳ ಮೇಲೆ ಡೆನ್ಜಿಲ್ ಇರಲಿಲ್ಲ. ಅವನ ಅಂಗಿ, ಚಪ್ಪಲಿ ಮಾತ್ರ ಬಿದ್ದಿದ್ದವು. ಹೆಸರು ಹಿಡಿದು ಕೂಗುತ್ತಾ ನೀರಿನಂಚಿಗೆ ಓಡಿದಳು.

ಅವನು ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದ. ಎರಡು ಕೈಗಳನ್ನೂ ಅಗಲಿಸಿ ನೀರಿನ ಮೇಲಿಟ್ಟಿದ್ದ, ಕೆಚ್ಚಲು ಮುಟ್ಟಲು ಬಿಡದ ಹಸುವನ್ನು ಸಮಾಧಾನ ಮಾಡುವವನಂತೆ. ಭುಜಗಳು ನಡುಗುತ್ತಿದ್ದವು, ಹಲ್ಲು ಕಟಕಟ ಎನ್ನುತ್ತಿದ್ದವು. ಮುಖದಲ್ಲಿ ಮಾತ್ರ ನಗು.

"ನೋಡು, ಇಳಿದೆ! ಐದು ವರ್ಷದ ಮೇಲೆ ಇಳಿದೆ ಕಣೇ!"

ಅವಳು ಉದ್ದ ಲಂಗ ನೆನೆಸಿಕೊಂಡೇ ಹೋಗಿ ಅವನ ಪಕ್ಕ ನಿಂತಳು. ಈಗ ಹೇಳಬೇಕು. ಇದಕ್ಕಿಂತ ಬೇರೆ ಹೊತ್ತು ಸಿಗುವುದಿಲ್ಲ.

"ಡೆನ್ಜಿಲ್, ಒಂದು ಮಾತು..."

"ತಾಳು, ಮೊದಲು ನಂದು ಕೇಳು." ಅವನು ಅವಳ ಕೈ ಹಿಡಿದುಕೊಂಡ. "ಆಸ್ಪತ್ರೇಲಿ ನೀನು ಒಂದು ಮಾತು ಹೇಳಿದ್ಯಲ್ಲ, ಅವನು ಚೆನ್ನಾಗಿದಾನೆ ಅಂತ. ಆ ಒಂದು ಮಾತಿಂದ ನಾನು ಎದ್ದು ಕೂತಿದ್ದು. ನನ್ನ ಕೊಬ್ಬಿಗೆ ಇನ್ನೊಬ್ಬನಿಗೆ ಏನಾದ್ರೂ ಆಗಿದ್ರೆ, ದೇವರಾಣೆಗೂ ಹೇಳ್ತೀನಿ, ನಾನು ಉಳೀತಿರ್ಲಿಲ್ಲ." ಅವಳ ಬೆರಳುಗಳನ್ನು ಒತ್ತಿದ. "ಈಗ ನೀನು ಹೇಳು, ಏನು?"

"ಏನಿಲ್ಲ" ಎಂದಳು ಯೂಲಾ. "ಚಳಿಯಾಗುತ್ತೆ, ಮೇಲೆ ಬನ್ನಿ."

ಮರುದಿನ ಎದ್ದಾಗ ಅವಳ ತಲೆಯಲ್ಲಿ ಇದ್ದಿದ್ದು ಒಂದೇ: ಮಧ್ಯಾಹ್ನಕ್ಕೆ ಮೊದಲು ಇಲ್ಲಿಂದ ಹೋಗಬೇಕು. ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತಿದೆ, ಸ್ಕಾರ್ಬರೊ ಪಟ್ಟಣದಲ್ಲಿ ಡಾಕ್ಟರಿಗೆ ತೋರಿಸೋಣ, ಬೇಕಾದರೆ ಸಂಜೆ ವಾಪಸು ಬಂದರಾಯಿತು ಎಂದಳು. ಗಾಬರಿಯಾದ ಡೆನ್ಜಿಲ್ ತಾನೇ ಚೀಲ ತುಂಬಿದ. ಅವಳ ಬೆನ್ನು ನೀವಿದ. ಸುಳ್ಳು ಎದೆನೋವಿಗೆ ಅವನ ಆ ನಿಜವಾದ ಆರೈಕೆ ಅವಳನ್ನು ಬೆಂಕಿಯ ಹಾಗೆ ಸುಟ್ಟಿತು. ಕಾರಿಗೆ ಹೇಳಿಕಳಿಸಿ ಇಬ್ಬರೂ ರಸ್ತೆಬದಿಯ ಬಾದಾಮಿ ಮರದ ಕೆಳಗೆ ಕಾದರು. ಹತ್ತು ಗಂಟೆಗೆ ಬರುವೆನೆಂದವನು ಹನ್ನೊಂದಾದರೂ ಬರಲಿಲ್ಲ. ಹನ್ನೊಂದೂವರೆಯಾಯಿತು. ಅವಳ ಕಣ್ಣು ಒಮ್ಮೆ ರಸ್ತೆಯ ತಿರುವಿಗೆ, ಒಮ್ಮೆ ದೋಣಿಗಳ ಕಡೆಗೆ ಹೋಗಿ ಬರುತ್ತಿತ್ತು.

ಆಗ ಶಂಖ ಕೂಗಿತು. ಬಲೆ ಬಿಟ್ಟಾಗಿದೆ, ಎಳೆಯಲು ಕೈ ಬೇಕು ಎಂದು ಬೆಸ್ತರು ಊರನ್ನು ಕರೆಯುವ ಕೂಗು ಅದು. ಡೆನ್ಜಿಲ್ ಎದ್ದು ನಿಂತ.

"ನೀನು ಇಲ್ಲೇ ಕೂತಿರು. ಕಾರು ಬರೋದರೊಳಗೆ ಓಡಿಹೋಗಿ ಅವನನ್ನ ಒಂದು ಸಲ ನೋಡಿ ಬಂದ್ಬಿಡ್ತೀನಿ."

"ಬೇಡ! ಡೆನ್ಜಿಲ್, ನನ್ನ ಎದೆ—"

"ಎರಡು ನಿಮಿಷ ಕಣೇ."

ಅವನು ಓಡಿದ. ಅವಳು ಹಿಂದೆ ಓಡಿದಳು. ಎದೆನೋವಿನವಳು ಅಷ್ಟು ವೇಗವಾಗಿ ಓಡಬಹುದೇ ಎಂದು ಯೋಚಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಮರಳ ಮೇಲೆ ಎರಡು ಸಾಲುಗಳಲ್ಲಿ ಜನ ಹಗ್ಗ ಹಿಡಿದು ನಿಂತಿದ್ದರು: ಗಂಡಸರು, ಹೆಂಗಸರು, ಶಾಲೆಯ ಟೀಚರಮ್ಮ, ಪಾದ್ರಿಯೂ ಇದ್ದ. ನಡುವೆ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಿದ್ದವನು ಶಂಖವನ್ನು ಮಡಿಲಲ್ಲಿಟ್ಟುಕೊಂಡು, ಯಾವ ಹಗ್ಗ ಎಷ್ಟು ಎಳೆಯಬೇಕೆಂದು ಕೂಗಿ ಹೇಳುತ್ತಿದ್ದ. ಗಡ್ಡ ನರೆತಿತ್ತು. ಮಂಡಿಯ ಮೇಲೆ ಒಂದು ಗೋಣಿ ಹೊದ್ದಿದ್ದ.

ಡೆನ್ಜಿಲ್ ಏದುಸಿರು ಬಿಡುತ್ತಾ ಅವನ ಬಳಿಯೇ ಹೋಗಿ ನಿಂತ. "ಯಜಮಾನರೇ, ಇಲ್ಲಿ ಗಾರ್ನೆಟ್ ಅಂತ ಒಬ್ರು..."

ಕೂತವನು ತಲೆ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ.

"ಮೈ ಕೈ ತುಂಬ್ಕೊಂಡಿದೀಯಲ್ಲೋ" ಎಂದ ಕೊನೆಗೆ. "ಆವತ್ತು ಇಷ್ಟು ಭಾರ ಇದ್ದಿದ್ರೆ ದೋಣಿಗೆ ಎತ್ತೋಕಾಗ್ತಿರ್ಲಿಲ್ಲ ನಂಗೆ."

ಡೆನ್ಜಿಲ್‌ನ ಮುಖ ಅರಳಿತು. ಎರಡೂ ಕೈ ಚಾಚಿದ. ಆ ಕೈ ಹಿಡಿಯಲೆಂದು ಗಾರ್ನೆಟ್ ಮುಂದಕ್ಕೆ ಬಾಗಿದಾಗ ಗೋಣಿ ಜಾರಿ ಬಿತ್ತು.

ಹಗ್ಗ ಎಳೆಯುವವರ ಕೂಗು ನಡೆದೇ ಇತ್ತು. ಡೆನ್ಜಿಲ್‌ಗೆ ಮಾತ್ರ ಅದು ಕೇಳಿಸಲಿಲ್ಲವೆಂಬುದು ಯೂಲಾಗೆ ಹತ್ತು ಹೆಜ್ಜೆ ದೂರದಿಂದಲೇ ತಿಳಿಯಿತು. ಅವನು ನೋಡುತ್ತಲೇ ಇದ್ದ. ಕಾಲು ಇರಬೇಕಾದ ಕಡೆ ಮಡಿಸಿ ಹೊಲಿದ ಷರಾಯಿಯ ತುದಿ.

"ಇದು... ಆವತ್ತಿನದಾ?"

"ಮತ್ತೆ? ನನ್ನ ಹತ್ರ ಇನ್ನೊಂದು ಕಥೆ ಇಲ್ಲ." ಗಾರ್ನೆಟ್‌ನ ದನಿಯೂ ಬದಲಾಯಿತು. "ನಿಂಗೆ ಗೊತ್ತಿಲ್ವಾ? ಅಕ್ಕ ಬರೆದಿದ್ಲಲ್ಲ."

"ಏನು ಬರೆದಿದ್ಲು?"

ಹಗ್ಗದ ಸಾಲಿನಿಂದ ವೆಲ್ಮಾ ಹೊರಗೆ ಬಂದಳು. ಗಾರ್ನೆಟ್‌ನ ದೃಷ್ಟಿ ಡೆನ್ಜಿಲ್‌ನ ಹೆಗಲಾಚೆ ಯೂಲಾಳ ಮೇಲೆ ಬಿತ್ತು. ಅವಳ ಮುಖದಲ್ಲಿ ಅವನು ಎಲ್ಲವನ್ನೂ ಓದಿಕೊಂಡ. ಅಕ್ಕನ ಕಡೆ ಕೈ ಎತ್ತಿ ತಡೆದ.

"ಹೋಗ್ಲಿ ಬಿಡು" ಎಂದ ಗಾರ್ನೆಟ್. "ಟಪಾಲಿನೋರು ಎಲ್ಲೋ ಕಳೆದಿರ್ಬೇಕು. ನಮ್ಮ ಕಡೆ ಟಪಾಲು ಆಮೆ ಬೆನ್ನ ಮೇಲೆ ಹೋಗೋದು."

ಯೂಲಾಗೆ ಬಾಗಿಲು ತೆರೆದು ಕೊಟ್ಟಂತಾಯಿತು. ಸುಮ್ಮನೆ ಇದ್ದುಬಿಟ್ಟರೆ ಸಾಕಿತ್ತು. ಕಾಲು ಕಳೆದುಕೊಂಡವನೇ ತನಗೆ ಆ ಬಾಗಿಲು ತೆರೆದು ಹಿಡಿದು ನಿಂತಿದ್ದಾನೆ ಅನ್ನಿಸಿದ್ದೇ, ಅವಳಿಗೆ ಸುಮ್ಮನಿರಲಾಗಲಿಲ್ಲ.

"ಟಪಾಲಿನೋರು ಕಳೀಲಿಲ್ಲ" ಎಂದಳು. ದನಿ ಅವಳದಲ್ಲವೆಂಬಂತೆ ಬಂತು. "ಎರಡೂ ಕಾಗದ ನಾನೇ ಸುಟ್ಟೆ. ಫೋನು ನಾನೇ ಇಟ್ಟೆ. ಆಸ್ಪತ್ರೇಲಿ ನಿಮಗೆ ಹೇಳಿದ್ದು ಸುಳ್ಳು. ಆವತ್ತೇ ಕಾಲು ನೋಡಿದ್ದೆ ನಾನು."

ವೆಲ್ಮಾ ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಡೆನ್ಜಿಲ್ ತಿರುಗಿದ. ಹೊಡೆಯುತ್ತಾನೇನೋ ಅನ್ನಿಸಿತು ಅವಳಿಗೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿದವನಲ್ಲ. ಅವನು ಕೈ ಎತ್ತಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ:

"ಐದು ವರ್ಷ ನಾನು ನಕ್ಕೆನಲ್ಲ ಯೂಲಾ. ಮನೇಲಿ, ವ್ಯಾನಿನಲ್ಲಿ, ಮದುವೆ ಹಬ್ಬಗಳಲ್ಲಿ. ಆ ನಗುನೂ ನೀನೇ ಹೊಲಿದು ಕೊಟ್ಟಿದ್ದಾ?"



"ಏಯ್!" ಬಲಗಡೆಯ ಸಾಲಿನಿಂದ ಯಾರೋ ಅರಚಿದರು. "ಬಲೆ ಬಂಡೆ ಕಡೆ ವಾಲ್ತಾ ಇದೆ! ಗಾರ್ನೆಟ್, ಮಾತಾಡ್ತಾ ಕೂತ್ರೆ ಮೀನೂ ಹೋಗುತ್ತೆ, ಬಲೆನೂ ಹೋಗುತ್ತೆ!"

ಗಾರ್ನೆಟ್ ಕೂತಲ್ಲೇ ನೆಟ್ಟಗಾದ. "ಎಡಗಡೆ ಬಿಗಿ! ಬಲಗಡೆ ಬಿಡ್ಬೇಡಿ!" ಆಮೇಲೆ ಡೆನ್ಜಿಲ್‌ನ ಮೊಣಕೈಗೆ ಬಡಿದ. "ಜಗಳ ಆಮೇಲೆ ಆಡು. ಅಲ್ಲಿ ಒಂದು ಕೈ ಕಮ್ಮಿ ಇದೆ. ಐದು ವರ್ಷದಿಂದ ಕಮ್ಮಿ ಇದೆ. ಹೋಗು."

ಡೆನ್ಜಿಲ್ ಹೋದ. ಹಗ್ಗದ ಮುಂತುದಿಯನ್ನು, ನೀರಿಗೆ ತಾಗಿ ನಿಲ್ಲುವ ಜಾಗವನ್ನು ಹಿಡಿದ. ಅಲೆ ಎದೆಗೆ ಬಡಿದಾಗ ಅವನು ಬೆಚ್ಚಿದ್ದು ಯೂಲಾಗೆ ಕಾಣಿಸಿತು, ಹಗ್ಗ ಬಿಡದಿದ್ದುದೂ ಕಾಣಿಸಿತು. ಬಲೆ ಗೇಣು ಗೇಣಾಗಿ ಬಂತು. ಬಂಡೆಗೆ ಇನ್ನೇನು ಸಿಕ್ಕಿಕೊಂಡಿತು ಅನ್ನುವಾಗ ನಿಂತುಬಿಟ್ಟಿತು. ಎರಡು ಸಾಲೂ ಹಿಂದಕ್ಕೆ ವಾಲಿ ಹಲ್ಲು ಕಚ್ಚಿದವು. ಹಗ್ಗ ಕಿರ್ರೆಂದಿತು.

"ನಿಂತ್ಕೊಂಡು ಏನ್ ನೋಡ್ತೀಯ?" ವೆಲ್ಮಾ ಅವಳನ್ನು ಭುಜದಿಂದ ನೂಕಿದಳು. "ಬೆಂಕಿಗೆ ಹಾಕೋಕೆ ಮಾತ್ರ ಬರುತ್ತಾ ಆ ಕೈಗೆ?"

ಯೂಲಾ ಸಾಲಿನ ಕೊನೆಯಲ್ಲಿ ವೆಲ್ಮಾಳ ಹಿಂದೆ ಹಗ್ಗ ಹಿಡಿದಳು. ಒದ್ದೆ ನಾರು ಅಂಗೈಯ ಚರ್ಮ ಕಿತ್ತಿತು. ಅವಳು ಎಳೆದಳು. ಎಷ್ಟು ಹೊತ್ತೋ ಗೊತ್ತಿಲ್ಲ, ಬಲೆ ಒಮ್ಮೆಲೇ ಜಾರಿ ಹತ್ತಿರ ಬಂತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಮೀನುಗಳ ಹೊರಳಾಟಕ್ಕೆ ನೀರಿನಂಚು ಬೆಳ್ಳಗೆ ಕುದಿಯತೊಡಗಿತು.

ಮೀನು ಹಂಚುವಾಗ, ಎಳೆದವರಿಗೆಲ್ಲ ಪಾಲು ಎಂಬುದು ಅಲ್ಲಿಯ ರೂಢಿ. ಗಾರ್ನೆಟ್ ಒಬ್ಬೊಬ್ಬರನ್ನೇ ಕರೆದು ಕೊಟ್ಟ. ಯೂಲಾಳ ಸರದಿ ಬಂದಾಗ ಅವಳ ಮುಖ ನೋಡಿದ.

"ಟಪಾಲಿನ ಮಾತು ನಿನಗೋಸ್ಕರ ಹೇಳ್ಲಿಲ್ಲ, ತಿಳ್ಕೋ. ಅವನು ಅಷ್ಟು ಸಂತೋಷವಾಗಿ ಬಂದ, ಅದಕ್ಕೆ ಹೇಳ್ದೆ. ನಿನ್ನ ಮೇಲೆ ನಂಗೆ ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ." ಎರಡು ಮೀನು ಎತ್ತಿ ಅವಳ ಕೈಗೆ ಹಾಕಿದ. "ನಾನು ತಿಳ್ಕೊಬೇಕಾಗಿದ್ದು ಇಷ್ಟೇ ಇತ್ತಮ್ಮ. ನಾನು ಒಂದು ಕಾಲು ಕೊಟ್ಟು ತಂದೋನು ಬಾಳ್ತಾ ಇದಾನಾ, ಇಲ್ಲ ಕುಡಿದು ಎಲ್ಲೋ ಬಿದ್ದಿದಾನಾ ಅಂತ. ಬಾಳ್ತಿದಾನೆ. ನೋಡ್ದೆ."

ಡೆನ್ಜಿಲ್ ಆ ಸಂಜೆ ಮನೆಗೆ ಬಂದು ತನ್ನ ಬಟ್ಟೆಗಳನ್ನು ಚೀಲದಿಂದ ಹೊರಗೆ ತೆಗೆದಿಟ್ಟ. ಮಂಗಳವಾರದ ಹಡಗಿಗೆ ತಾನು ಬರುವುದಿಲ್ಲ, ಈ ತಿಂಗಳೆಲ್ಲ ಇಲ್ಲೇ ಇದ್ದು ಗಾರ್ನೆಟ್‌ನ ದೋಣಿಗೆ ಹುಟ್ಟು ಹಾಕುತ್ತೇನೆ ಎಂದ. "ನೀನು ಹೋಗೋದಿದ್ರೆ ಹೋಗು, ಇರೋದಿದ್ರೆ ಇರು." ಅಷ್ಟು ಹೇಳಿ ಹೊರಗಿನ ಕೋಣೆಯಲ್ಲಿ ಹಾಸಿಗೆ ಬಿಡಿಸಿಕೊಂಡ. ಅವನ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದೂರವಿತ್ತು. ಬೈದಿದ್ದರೆ ತಡೆಯಬಹುದಿತ್ತು.

ಭಾನುವಾರ ಬೆಳಿಗ್ಗೆ ಅವಳು ವೆಲ್ಮಾಳ ಅಂಗಡಿಗೆ ಹೋಗಿ ನಿಂತಳು. ಏನು ಹೇಳಬೇಕೆಂದು ಇಡೀ ದಾರಿ ಯೋಚಿಸಿದ್ದಳು, ಹೇಳುವ ಸಂದರ್ಭವೇ ಬರಲಿಲ್ಲ. ವೆಲ್ಮಾ ಮಾತಾಡದೆ ಹಿಟ್ಟಿನ ತಪ್ಪಲೆಯನ್ನು ಅವಳತ್ತ ತಳ್ಳಿದಳು. ಯೂಲಾ ನಾದಿದಳು. ಸೋಮವಾರವೂ ಹೋದಳು. ಉಪ್ಪು ಹಿಟ್ಟು ತಾಗಿ ಅಂಗೈಯ ಗಾಯ ಉರಿಯುತ್ತಿತ್ತು. ವೆಲ್ಮಾ ಅದನ್ನು ನೋಡಿಯೂ ನೋಡದವಳಂತೆ ಒಂದು ಚಿಂದಿ ಬಟ್ಟೆಯನ್ನು ಅವಳ ಮುಂದೆ ಎಸೆದಳು.

ಮಂಗಳವಾರ ಕಡಲಿಂದ ಬಂದವರು ಹಸಿದು ಅಂಗಡಿಯ ಮುಂದೆ ನೆರೆದರು. ಕೂತಿದ್ದ ಗಾರ್ನೆಟ್‌ನ ಪಕ್ಕದಲ್ಲಿ ಅವನ ಊರುಗೋಲು ಹಿಡಿದುಕೊಂಡು ಡೆನ್ಜಿಲ್ ಇದ್ದ. ಮೂಗು ಸುಲಿದು ಕೆಂಪಾಗಿತ್ತು. ಯೂಲಾ ರೊಟ್ಟಿಯ ತಟ್ಟೆಯನ್ನು ಅವನ ಮುಂದಿಟ್ಟು, ಅಲ್ಲಿಂದ ಸರಿಯಲೂ ಆರದೆ ನಿಲ್ಲಲೂ ಆರದೆ ಕೈಗಳನ್ನು ಬಟ್ಟೆಗೆ ಒರೆಸುತ್ತಾ ನಿಂತಳು.

ಅವನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಮೂರು ದಿನದಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು ಆಗ ಬಂತು.

"ಉಪ್ಪು ಜಾಸ್ತಿ."

"ನಾಳೆ ಕಮ್ಮಿ ಹಾಕ್ತೀನಿ" ಎಂದಳು ಯೂಲಾ.

ಅವನು ತಲೆಯಾಡಿಸಿ, ತಟ್ಟೆಯನ್ನು ಗಾರ್ನೆಟ್‌ನ ಕಡೆ ಸರಿಸಿದ. ಹಡಗು ಹೊರಟು ಆಗಲೇ ಎರಡು ಗಂಟೆಯಾಗಿತ್ತು.